ಕೋಳಿ ಹಾರಿದ ಗೆರೆ

ಮೊದಲನೆಯದು ತೂಕಕ್ಕೆ ಸಿಕ್ಕಿತು.
ಕೋಡಿಬಾಗದ ಗುಜರಿ ಅಂಗಡಿಯಲ್ಲಿ
ಮಕ್ತುಮ್ ಸಾಹೇಬರು ತಕ್ಕಡಿಗೆ ಹಾಕಿ,
"ಪ್ಲಾಸ್ಟಿಕ್ಕಿನ ರೇಟೇ ಕೊಡಿ ಬಾಯಿ,
ರಾಗಕ್ಕೆ ಬೇರೆ ಬಿಲ್ಲಿಲ್ಲ" ಅಂದರು.
ಇನ್ನೂರು ಗ್ರಾಂ, ಆರು ರೂಪಾಯಿ.
ಕವರಿನ ಮೇಲೆ ಕ್ಲಾರಿನೆಟ್ ಹಿಡಿದವನ ಅರ್ಧ ಮುಖ,
ಇನ್ನರ್ಧವನ್ನು ಗೆದ್ದಲು ಕೇಳಿಕೊಂಡು ಹೋಗಿತ್ತು.

ನುಡಿಸಲು ಮನೆಯಲ್ಲಿ ಏನೂ ಇರಲಿಲ್ಲ.
ಬೈತಖೋಲ್ ಬಂದರದ ಐಸ್ ಫ್ಯಾಕ್ಟರಿಯಲ್ಲಿ
ಬೋಟಿಗಿಷ್ಟು ಬ್ಲಾಕು ಅಂತ ಬರೆದಿಡುವವಳು ನಾನು,
ಕರಗುವುದರ ಲೆಕ್ಕ.
ಕರಗದ್ದೊಂದು ಮೇಜಿನ ಮೇಲಿರಲಿ ಅನಿಸಿತ್ತೋ ಏನೋ.
ಏಳು ತಿಂಗಳು ಬರೀ ನೋಡಿದೆ,
ಟ್ಯೂಬ್‌ಲೈಟಿನಡಿ ಓರೆ ಹಿಡಿದು:
ಇಳಿತದ ಹೊತ್ತಿಗೆ ಅಲೆ ಬಿಟ್ಟುಹೋದ ಮರಳಿನಂತೆ
ಗೆರೆ, ಗೆರೆ, ಗೆರೆ.

ಆಮೇಲೆ ಇನಾಸ್ ಮಾಮ. ಗ್ರೀನ್ ಸ್ಟ್ರೀಟಿನಲ್ಲಿ
ರೇಡಿಯೊ ರಿಪೇರಿಯ ಬೋರ್ಡು ಇನ್ನೂ ಇಳಿಸದವನು.
ತನ್ನ ಹಳೇ ಪ್ಲೇಯರಿಗೆ ಹೊಸ ಬೆಲ್ಟು ಹಾಕಿ ಕೊಟ್ಟ,
ಜೊತೆಗೆ ಬೈಗುಳ:
"ಏಡಿ ಹಿಡಿದ ಹಾಗೆ ಹಿಡಿ, ಅಂಚಿನಲ್ಲಿ.
ನಡುವೆ ಬೆರಳಿಟ್ಟೆಯೋ, ಕಚ್ಚುವುದು ನಾನು.
ಬಂಗಡೆಯ ಹಾಗೆ ಒಂದರ ಮೇಲೊಂದು ಒಟ್ಟಬೇಡ,
ನಿಲ್ಲಿಸು. ಗೋಡೆಗೆ ತಾಗಿಸಬೇಡ,
ಈ ಊರಿನ ಗೋಡೆ ಜೂನಿನಲ್ಲಿ ಬೆವರುತ್ತದೆ.
ನಲ್ಲಿನೀರು ಬೇಡ; ಗ್ಯಾರೇಜಿಗೆ ಹೋಗಿ
ಬ್ಯಾಟರಿ ನೀರು ತಾ. ಸಾಬೂನು ಒಂದೇ ಹನಿ.
ಗೆರೆ ಹೋದ ದಿಕ್ಕಿಗೇ ಒರೆಸು,
ಅಡ್ಡ ಒರೆಸುವುದು ನೆಲ."

ಉಪ್ಪುಗಾಳಿಗೆ ಮಾತ್ರ ಅವನ ಬಳಿಯೂ ಮದ್ದಿಲ್ಲ.
ಚಪ್ಪಲಿ ಅಂಗಡಿಯ ಡಬ್ಬಗಳಿಂದ ಆಯ್ದು ತಂದೆ
ತಿನ್ನಬೇಡಿ ಎಂದು ಬರೆದ ಹರಳಿನ ಪೊಟ್ಟಣ.
ಆದರೂ ಬೂಷ್ಟು ಬಂತು, ಬೆಳ್ಳಗೆ, ಸದ್ದಿಲ್ಲದೆ,
ಹನ್ನೆರಡರಲ್ಲಿ ಮೂರಕ್ಕೆ.
ಒಂದು ಉಳಿಯಲಿಲ್ಲ. ಅದು ನನಗೆ ಇಷ್ಟದ್ದೂ ಅಲ್ಲ,
ಆ ದಿನ ಊಟ ಸೇರಲಿಲ್ಲ.

ಕ್ಲಾರಿನೆಟ್ಟಿನದು ಎರಡನೇ ಬದಿಯಲ್ಲಿ ಎಡವುತ್ತಿತ್ತು.
ಏರಿ ಏರಿ ಸ್ವರ ಇನ್ನೇನು ತಿರುಗಬೇಕು,
ಟಕ್. ಮತ್ತೆ ಟಕ್. ಮೂರನೆಯ ಟಕ್ಕಿಗೆ ತಾನೇ ದಾಟಿ
ಏನೂ ಆಗದವರ ಹಾಗೆ ಮುಂದೆ.
ಹುಬ್ಬಳ್ಳಿಯಲ್ಲಿ ಅದರದೇ ಇನ್ನೊಂದು ಪ್ರತಿ ಸಿಕ್ಕಿತು,
ಕಲೆಯಿಲ್ಲದ್ದು. ಆರುನೂರು ಕೊಟ್ಟೆ.
ಹಳೆಯದನ್ನು ಗುಜರಿಗೇ ವಾಪಸು ಹಾಕುವ ಮುಂಚೆ
ಒಳಗಿನ ಕಾಗದ ಎಳೆದರೆ, ನೀಲಿ ಶಾಯಿಯಲ್ಲಿ:
ಸುಲಭಾ ಬಾಂದೇಕರ, ಅರ್ಗಾ.

ಅರ್ಗಾದಲ್ಲಿ ಈಗ ಗೇಟಿದೆ, ಕಾವಲಿದೆ,
ನೌಕಾನೆಲೆಯ ಉದ್ದ ಗೋಡೆಯಿದೆ.
ಹೆಸರು ಸಿಕ್ಕಿದ್ದು ತೋಡೂರಿನ ಕಾಲೊನಿಯಲ್ಲಿ,
ಲೇಡೀಸ್ ಟೇಲರ್ ಎಂಬ ಬೋರ್ಡಿನ ಮೇಲೆ.
ಪ್ಲೇಯರನ್ನು ಟವೆಲಿನಲ್ಲಿ ಸುತ್ತಿ
ಸ್ಕೂಟಿಯಲ್ಲಿ ಕಾಲ ನಡುವೆ ಇಟ್ಟುಕೊಂಡು ಹೋದೆ.
ಒಳ್ಳೆಯದನ್ನೇ ಕೇಳಿಸೋಣ ಅಂತ
ಹುಬ್ಬಳ್ಳಿಯ ಪ್ರತಿ ಹಾಕಿದೆ.

ಅವಳು ಹೊಲಿಯುತ್ತಲೇ ಕೇಳಿದಳು.
ಎರಡನೇ ಬದಿ. ಸ್ವರ ಏರಿತು.
ಪೆಡಲಿನ ಮೇಲೆ ಪಾದ ತಡೆದು ನಿಂತಿತು,
ಗದ್ದ ಮೂರು ಸಲ ಆಡಿತು.
ರಾಗ ತಿರುಗಿ ನುಣ್ಣಗೆ ಹೊರಟುಹೋಯಿತು.
"ಇದು ನಮ್ಮದಲ್ಲ," ಅಂದಳು.

"ನಮ್ಮದರ ಮೇಲೆ ಕೋಳಿ ಹಾರಿತ್ತು.
ಜಗುಲಿಯಲ್ಲಿ ಪ್ಲೇಟು ತಿರುಗುವಾಗ ಅದಕ್ಕೇನು ಕಂಡಿತೋ,
ಹಾರಿ ಕೂತು, ಒಂದು ಸುತ್ತು ಸವಾರಿ ಮಾಡಿ ಇಳಿಯಿತು.
ಅಪ್ಪ ಗುಡ್ಡದವರೆಗೆ ಅಟ್ಟಿಸಿಕೊಂಡು ಹೋದ.
ಸಾರು ಮಾಡಿದೆವು ಅಂದುಕೊಂಡಿರಾ? ಇಲ್ಲಪ್ಪ.
ಸಂಗೀತ ಕಲಿತ ಕೋಳಿ ಅಂತ ಹೆಸರಾಯಿತು,
ಮುದಿಯಾಗಿ ಸತ್ತಿತು."

ಚೀಲದಲ್ಲಿತ್ತು ಹಳೆಯದು. ಹಾಕಿದೆ.
ಟಕ್ ಬರುವ ಮೊದಲೇ ಅವಳು ಕೈ ಎತ್ತಿದಳು,
ದೂರದಲ್ಲಿ ಕಂಡ ಬಸ್ಸಿಗೆ ಕೈ ಮಾಡಿದ ಹಾಗೆ.
ಟಕ್. ಟಕ್. ಟಕ್.
ನಕ್ಕಳು. ಇಟ್ಟುಕೊಳ್ಳಿ ಅಂದರೆ ಬೇಡ ಅಂದಳು:
"ಇಲ್ಲಿ ಕತ್ತರಿಸಿದ ಬಟ್ಟೆಗೇ ಜಾಗವಿಲ್ಲ.
ನಿಮ್ಮಲ್ಲಿದ್ದರೆ ಎಲ್ಲಿದೆ ಅಂತ ಗೊತ್ತಿರುತ್ತದೆ."
ಹೊರಡುವಾಗ ಯಾರದೋ ರವಿಕೆಯಲ್ಲಿ ಉಳಿದ
ಗೇಣುದ್ದ ಕಪ್ಪು ಮಖಮಲ್ಲು ಕೊಟ್ಟಳು, ಒರೆಸಲಿಕ್ಕೆ.

ಹುಬ್ಬಳ್ಳಿಯದು ಈಗ ಇನಾಸ್ ಮಾಮನ ಹತ್ತಿರ ಇದೆ.
ಇದನ್ನು ನಾನು ಭಾನುವಾರ ತೊಳೆಯುತ್ತೇನೆ,
ಗೆರೆಯ ದಿಕ್ಕಿಗೇ. ಆ ಒಂದು ಕಡೆ ಮಾತ್ರ
ಮಖಮಲ್ಲು ತುಸು ತಡವರಿಸುತ್ತದೆ,
ಅಲ್ಲಿ ಯಾರೋ ಕೂತಿದ್ದಾರೆ ಎಂಬ ಹಾಗೆ.